ಕೈ ತಪ್ಪಿದವನು ಒಬ್ಬ, ಕೊಡಬೇಕಾದವನು ಇನ್ನೊಬ್ಬ

ಶಕ್ತಿ ಸಂರಕ್ಷಣೆಯ ನಿಯಮವನ್ನು ಕಲಿಸುವ ದಿನ ನಾನು ಮಕ್ಕಳಿಗೆ ಪಠ್ಯದಲ್ಲಿಲ್ಲದ ಒಂದು ಮಾತನ್ನೂ ಹೇಳುವುದುಂಟು. ಶಕ್ತಿ ನಾಶವಾಗುವುದಿಲ್ಲ, ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ನಷ್ಟವೂ ಹಾಗೆಯೇ. ಅದು ಆವಿಯಾಗಿ ಹೋಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಇಳಿಯುತ್ತದೆ. ಕೊನೆಗೆ ಅದು ಯಾರ ತಲೆಯ ಮೇಲೆ ಕೂರುತ್ತದೆ ಎಂಬುದೇ ಪ್ರಶ್ನೆ. ಯಾರೂ ಮಾತಾಡದೆ ಸುಮ್ಮನಿದ್ದರೆ ಅದು ಎಲ್ಲರಿಗಿಂತ ಬಡವನನ್ನೇ ಹುಡುಕಿಕೊಂಡು ಹೋಗುತ್ತದೆ. ನೀರು ತಗ್ಗಿಗೆ ಹರಿಯುವ ಹಾಗೆ.

ಕುಮಟಾ, ಹೊನ್ನಾವರ, ಭಟ್ಕಳದವರಾದ ನಮಗೆ ಹೆದ್ದಾರಿ ಕೆಲಸವೆಂದರೆ ಮಳೆಗಾಲದಂತೆ ಬದುಕಿನ ಒಂದು ಭಾಗವೇ ಆಗಿಹೋಗಿದೆ. ಹಿಂದೆ 17ನೇ ನಂಬರಿನದಾಗಿದ್ದು, 2010ರಲ್ಲಿ 66ನೇ ನಂಬರು ಪಡೆದ ರಾಷ್ಟ್ರೀಯ ಹೆದ್ದಾರಿ ಪನ್ವೇಲಿನಿಂದ ಕರಾವಳಿಗುಂಟ ಇಳಿದು ನಮ್ಮ ಮೂರು ಪೇಟೆಗಳನ್ನೂ ಹಾಯ್ದು ಹೋಗುತ್ತದೆ. ಗೋವಾ ಗಡಿಯಿಂದ ಕುಂದಾಪುರದವರೆಗೆ ಅದನ್ನು ಚತುಷ್ಪಥ ಮಾಡುವ ಕೆಲಸ 2014ರಲ್ಲಿ ಶುರುವಾಯಿತು. ಗುಡ್ಡ ಕಡಿದರು, ಚಿರೇಕಲ್ಲಿನ ಕಂಪೌಂಡುಗಳು ಹೋದವು, ಶರಾವತಿಗೆ ಹೊಸ ಸೇತುವೆ ಬಂತು. ಇಷ್ಟು ದೊಡ್ಡ ಕೆಲಸದಲ್ಲಿ ಯಾರದೋ ಬೈಕು, ಯಾರದೋ ರಿಕ್ಷಾ ಪೆಟ್ಟು ತಿನ್ನುವುದು ಇದ್ದದ್ದೇ. ‘ಬೇಕೂಂತ ಮಾಡಿದ್ದಲ್ವಲ್ಲ’ ಎಂದು ಹೇಳಿ ಎರಡೂ ಕಡೆಯವರು ಮನೆಗೆ ಹೋಗುವುದೂ ಇದ್ದದ್ದೇ.

2019ರ ಜೂನ್ ತಿಂಗಳಿನಲ್ಲಿ ನನ್ನ ಸರದಿ ಬಂತು. ಶಾಲೆ ಆರಂಭವಾದ ವಾರ. ಹೊನ್ನಾವರದಿಂದ ಮಂಕಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಅಂಗಡಿಯ ಅಂಗಳದಲ್ಲಿ ನನ್ನ ಆಲ್ಟೊ ನಿಲ್ಲಿಸಿ, ಪ್ರಯೋಗಾಲಯಕ್ಕೆಂದು ಮೇಣದಬತ್ತಿ, ಆಲಂ ಕೊಳ್ಳುತ್ತಿದ್ದೆ. ರಸ್ತೆ ಬದಿಯಲ್ಲಿ ಜೇಸಿಬಿಯೊಂದು ಚರಂಡಿ ತೋಡುತ್ತಿತ್ತು. ಮಣ್ಣು ಸುರಿದು ಹಿಂದಕ್ಕೆ ತಿರುಗಿದ ಅದರ ಬಕೆಟ್ಟು ಕಾರಿನ ಹಿಂಭಾಗಕ್ಕೆ ತಾಗಿತು. ಹಿಂದಿನ ಬಾಗಿಲು ಒಳಹೋಯಿತು, ಬಲಗಡೆಯ ದೀಪ ಪುಡಿಯಾಯಿತು, ಬಂಪರು ಜೋತುಬಿತ್ತು. ದೇವರ ದಯೆ, ಒಳಗೆ ಯಾರೂ ಇರಲಿಲ್ಲ.

ಯಂತ್ರದಿಂದ ಇಳಿದವನಿಗೆ ಇಪ್ಪತ್ತೆರಡು ವರ್ಷವಿದ್ದೀತು. ಕೊಪ್ಪಳದ ಕಡೆಯ ಹುಡುಗ. ಮುಖ ಬಿಳಿಚಿಕೊಂಡಿತ್ತು. ‘ಸರ್, ಮೇಲಿನವ್ರಿಗೆ ಹೇಳಬ್ಯಾಡ್ರೀ, ಪಗಾರದಾಗ ಹಿಡೀತಾರ್ರೀ. ಊರಿಗೆ ರೊಕ್ಕ ಕಳಸೂದೈತ್ರೀ’ ಎಂದ. ಅರ್ಧ ಗಂಟೆಯಲ್ಲಿ ಸೂಪರ್‌ವೈಸರ್ ಬಂದು ಅದನ್ನೇ ಸಮಾಧಾನದ ಮಾತಿನಂತೆ ಹೇಳಿದರು: ‘ತೊಂದ್ರೆ ಇಲ್ಲ ಮಾಸ್ತರೇ, ಇವನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದು ಕೊಡಿಸ್ತೇನೆ. ಇಲ್ಲಾಂದ್ರೆ ನಿಮ್ಮದೇ ಇನ್ಸೂರೆನ್ಸ್ ಉಂಟಲ್ಲ, ಅದಕ್ಕೆ ಹಾಕಿ.’

ಈ ಎರಡು ಸಲಹೆಗಳಲ್ಲಿ ಎರಡನೆಯದನ್ನು ಮೊದಲು ಲೆಕ್ಕ ಹಾಕೋಣ. ಸ್ವಂತ ವಿಮೆಯಿಂದ ಹಣ ಪಡೆದರೆ ನಷ್ಟ ಮಾಯವಾಗುವುದಿಲ್ಲ. ಐದು ವರ್ಷ ಯಾವ ಕ್ಲೇಮೂ ಮಾಡದಿದ್ದವರಿಗೆ ವಾಹನದ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 50ರ ರಿಯಾಯಿತಿ ಇರುತ್ತದೆ. ಒಮ್ಮೆ ಕ್ಲೇಮು ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಆಮೇಲೆ ಮತ್ತೆ ಮೆಟ್ಟಿಲು ಹತ್ತಬೇಕು: 20, 25, 35, 45, ಕೊನೆಗೆ 50. ಪೂರ್ತಿ ಕಂತು 4,000 ರೂಪಾಯಿ, ಅದು ವರ್ಷವರ್ಷವೂ ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಮೊದಲು ನಾನು ಕಟ್ಟುತ್ತಿದ್ದುದು 2,000. ಇನ್ನು ಕಟ್ಟಬೇಕಾದದ್ದು ಕ್ರಮವಾಗಿ 4,000, 3,200, 3,000, 2,600, 2,200. ಐದು ವರ್ಷದಲ್ಲಿ ಹೆಚ್ಚುವರಿ ಎಷ್ಟಾಯಿತು ಎಂದು ಮಕ್ಕಳು ಕೂಡಿ ನೋಡಲಿ: ಸರಿಯಾಗಿ 5,000 ರೂಪಾಯಿ. ಇದಲ್ಲದೆ ಪ್ರತಿ ಕ್ಲೇಮಿನಲ್ಲೂ ನಮ್ಮ ಪಾಲೆಂದು ಒಂದಿಷ್ಟು ಮುರಿದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆಯೇ ಸಿಗುವುದು. ದೀಪ, ಬಂಪರು ಎರಡೂ ಪ್ಲಾಸ್ಟಿಕ್ಕೇ. ಕುಮಟೆಯ ಗ್ಯಾರೇಜಿನವರು ಟಿಂಕರಿಂಗ್, ಪೇಂಟಿಂಗ್ ಸೇರಿಸಿ ಕೊಟ್ಟ ಅಂದಾಜು ಪಟ್ಟಿ 11,800 ರೂಪಾಯಿಯದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುತ್ತು ಬಳಸಿ ನನ್ನ ತಲೆಗೇ ಬರುತ್ತಿತ್ತು.

ಮೊದಲನೆಯ ಸಲಹೆ ಇದಕ್ಕಿಂತ ಕೆಟ್ಟದ್ದು. ಚರಂಡಿಯ ಕೆಲಸದಿಂದ ಲಾಭ ಪಡೆಯುವವರು ಯಾರು? ಕೊಪ್ಪಳದ ಹುಡುಗನಲ್ಲ. ಯಂತ್ರದ ಹಿಂದೆ ನಿಂತು ದಾರಿ ತೋರಿಸಲು ಒಬ್ಬ ಆಳನ್ನು ಇಡಬೇಕೇ ಬೇಡವೇ, ಅಂಗಡಿಯ ಎದುರು ರಿಬ್ಬನ್ ಕಟ್ಟಬೇಕೇ ಬೇಡವೇ ಎಂದು ತೀರ್ಮಾನಿಸಿದವರು ಯಾರು? ಅವನೂ ಅಲ್ಲ. ಹಾಗಿರುವಾಗ ನಷ್ಟ ಮಾತ್ರ ಅವನದು ಹೇಗಾದೀತು?

ಕಾನೂನು ಈ ಮಾತನ್ನು ಬಹಳ ಹಿಂದೆಯೇ ಹೇಳಿದೆ. 1952ರಲ್ಲಿ ರಾಜಸ್ಥಾನದ ಉದಯಪುರದಲ್ಲಿ ರಿಪೇರಿ ಮುಗಿಸಿ ಹಿಂದಿರುಗುತ್ತಿದ್ದ ಸರ್ಕಾರಿ ಜೀಪೊಂದು ಪಾದಚಾರಿಯೊಬ್ಬರಿಗೆ ಬಡಿದು ಅವರು ತೀರಿಕೊಂಡರು. ಅವರ ಹೆಂಡತಿ ವಿದ್ಯಾವತಿ ಪರಿಹಾರಕ್ಕಾಗಿ ದಾವೆ ಹೂಡಿದರು. ಚಾಲಕನ ತಪ್ಪಿಗೆ ತಾನು ಹೊಣೆಯಲ್ಲ ಎಂದು ಸರ್ಕಾರ ವಾದಿಸಿತು. 1962ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಆಳು ಕೆಲಸದ ಹೊತ್ತಿನಲ್ಲಿ ಮಾಡಿದ ಅಜಾಗರೂಕತೆಗೆ ಬೇರೆ ಯಾವ ಯಜಮಾನನ ಹಾಗೆಯೇ ಸರ್ಕಾರವೂ ಹೊಣೆ ಎಂದಿತು. ಸರ್ಕಾರಕ್ಕೇ ಇಲ್ಲದ ವಿನಾಯಿತಿ ಗುತ್ತಿಗೆದಾರನಿಗೆ ಎಲ್ಲಿಂದ ಬಂತು? ‘ಬೇಕೂಂತ ಮಾಡಿದ್ದಲ್ಲ’ ಎನ್ನುವುದು ಕೇಡು ಬಗೆದ ಅಪರಾಧವಲ್ಲ ಎನ್ನುವುದಕ್ಕೆ ಉತ್ತರವಾದೀತು. ಕೊಡಬೇಕಾಗಿಲ್ಲ ಎನ್ನುವುದಕ್ಕೆ ಅದು ಉತ್ತರವಲ್ಲ.

ಆದರೆ ಹಕ್ಕು ಇದ್ದರೆ ಸಾಲದು, ಪುರಾವೆ ಬೇಕು. ಇಲ್ಲಿ ನನ್ನ ಪಾಠದ ವಿಷಯ ನನಗೆ ನೆರವಾಯಿತು.

ಪೊಲೀಸ್ ವಿಜ್ಞಾನದಲ್ಲಿ ಎಡ್ಮಂಡ್ ಲೊಕಾರ್ ಎಂಬ ಫ್ರೆಂಚ್ ವಿದ್ವಾಂಸರ ಹೆಸರು ದೊಡ್ಡದು. 1910ರಲ್ಲಿ ಲಿಯಾನ್ ನಗರದಲ್ಲಿ ಪೊಲೀಸರಿಗಾಗಿ ಪ್ರಯೋಗಾಲಯ ತೆರೆದವರು. ಎರಡು ವಸ್ತುಗಳು ತಾಗಿದರೆ ಒಂದರ ಗುರುತು ಇನ್ನೊಂದರಲ್ಲಿ ಉಳಿಯುತ್ತದೆ ಎಂಬುದು ಅವರ ತತ್ವ. ನನ್ನ ಬೂದು ಬಣ್ಣದ ಬಾಗಿಲಿನಲ್ಲಿ ಹಳದಿ ಬಣ್ಣದ ಗೆರೆಗಳಿದ್ದವು. ಮೂರು ಗೆರೆ, ಒಂದೇ ಅಂತರದಲ್ಲಿ. ಬಕೆಟ್ಟಿನ ಹಲ್ಲುಗಳ ನಡುವೆ ಸ್ಕೇಲಿಟ್ಟು ಅಳೆದೆ, ಬಾಗಿಲಿನ ಗೆರೆಗಳ ನಡುವೆಯೂ ಅಳೆದೆ. ಎರಡೂ ಒಂದೇ. ಸ್ಕೇಲು ಕಾಣುವಂತೆ ಚಿತ್ರ ತೆಗೆದೆ. ಪಕ್ಕದಲ್ಲಿ ಅಂದಿನ ಪತ್ರಿಕೆಯ ಮುಖಪುಟವನ್ನೂ ಇಟ್ಟಿದ್ದೆ. ಜೇಸಿಬಿಯ ನಂಬರು ಬರೆದುಕೊಂಡೆ. ಅಂಗಡಿಯವರು ಕಂಡದ್ದನ್ನು ಅರ್ಧ ಪುಟದಲ್ಲಿ ಬರೆದು ಸಹಿ ಹಾಕಿಕೊಟ್ಟರು. ಠಾಣೆಗೆ ಅರ್ಜಿ ಕೊಟ್ಟು ಹಿಂಬರಹ ಪಡೆದೆ.

ಮೂರು ವಾರದ ಮೇಲೆ ಕಂಪನಿಯವರು, ‘ಇದು ಹಳೆಯ ಪೆಟ್ಟು’ ಎಂದಾಗ ತುಕ್ಕು ನನ್ನ ಪರವಾಗಿ ಸಾಕ್ಷಿ ಹೇಳಿತು. ಬಣ್ಣ ಕಿತ್ತುಹೋದ ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಸೇರಿದರೆ ತುಕ್ಕು ಹಿಡಿಯುತ್ತದೆ. ಗಾಳಿಯಲ್ಲಿ ಉಪ್ಪು ಇದ್ದರೆ ನೀರಿನ ವಿದ್ಯುತ್ ವಾಹಕತೆ ಹೆಚ್ಚಿ ಆ ಕ್ರಿಯೆ ಇನ್ನೂ ಚುರುಕಾಗುತ್ತದೆ. ಜೂನ್ ತಿಂಗಳ ನಮ್ಮ ಕರಾವಳಿಯಲ್ಲಿ ಎರಡೂ ಧಾರಾಳ. ಮೊದಲ ದಿನದ ಚಿತ್ರದಲ್ಲಿ ಗೀರು ಬೆಳ್ಳಿಯಂತೆ ಹೊಳೆಯುತ್ತಿತ್ತು. ನಾಲ್ಕನೆಯ ದಿನದ ಚಿತ್ರದಲ್ಲಿ ಕೆಂಪಗಾಗಿತ್ತು. ಹಳೆಯ ಪೆಟ್ಟಾಗಿದ್ದರೆ ಮೊದಲ ದಿನವೇ ಕೆಂಪಗಿರಬೇಕಿತ್ತು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ನಿಜವಾದ ತೊಡಕು ಬೇರೆಯೇ ಇತ್ತು. ಕೊಡಬೇಕಾದವರು ಯಾರು? ಕಂಪನಿಯವರು ಉಪಗುತ್ತಿಗೆದಾರರನ್ನು ತೋರಿಸಿದರು. ಅವರು, ‘ಯಂತ್ರ ಬಾಡಿಗೆಯದು’ ಎಂದರು. ಯಂತ್ರದ ಮಾಲೀಕರು, ‘ಆಪರೇಟರ್ ಸಮೇತ ಬಾಡಿಗೆಗೆ ಕೊಟ್ಟ ಮೇಲೆ ನನಗೇನು ಸಂಬಂಧ’ ಎಂದು ಫೋನಿಟ್ಟರು. ಹೀಗೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಆ ಹೊತ್ತಿನಲ್ಲಿ ಆ ಕೆಲಸ ಯಾರ ಹತೋಟಿಯಲ್ಲಿತ್ತು? ಹೆದ್ದಾರಿ ಪ್ರಾಧಿಕಾರಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಒಂದು ಅರ್ಜಿ ಬರೆದೆ. ಒಪ್ಪಂದದಲ್ಲಿ ಹೊರಗಿನವರ ಆಸ್ತಿಗೆ ಆಗುವ ಹಾನಿಯ ಬಗ್ಗೆ ಇರುವ ಪುಟಗಳ ಪ್ರತಿ ಕೊಡಿ ಎಂದಷ್ಟೇ ಕೇಳಿದ್ದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ನಿಯಮ. ಇಪ್ಪತ್ತೇಳನೆಯ ದಿನ ಬಂತು. ಕೆಲಸದಿಂದ ಇತರರಿಗೆ ಆಗುವ ಹಾನಿಗೆ, ಉಪಗುತ್ತಿಗೆದಾರರು ಮಾಡಿದ್ದಾದರೂ, ಮುಖ್ಯ ಗುತ್ತಿಗೆದಾರರೇ ಹೊಣೆ. ಅದಕ್ಕಾಗಿ ಅವರು ವಿಮೆ ಮಾಡಿಸಿರಬೇಕು ಎಂದು ಅಲ್ಲಿ ಸ್ಪಷ್ಟವಾಗಿತ್ತು. ಇಂಥ ದೊಡ್ಡ ಕಾಮಗಾರಿಗಳ ಒಪ್ಪಂದದಲ್ಲಿ ಈ ಬಗೆಯ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೇಳುವವರು ಕಡಿಮೆ, ಅಷ್ಟೇ.

ಆ ಪುಟ, ಚಿತ್ರಗಳು, ಗ್ಯಾರೇಜಿನ ಪಟ್ಟಿ ಎಲ್ಲವನ್ನೂ ಲಗತ್ತಿಸಿ ಒಂದೂವರೆ ಪುಟದ ಪತ್ರ ಬರೆದೆ. ಬೈಗಳಿಲ್ಲ, ಬೆದರಿಕೆಯಿಲ್ಲ. ಎಲ್ಲಿ, ಯಾವಾಗ, ಏನಾಯಿತು, ಎಷ್ಟು ಖರ್ಚು, ಯಾವ ತಾರೀಖಿನೊಳಗೆ ಉತ್ತರ ಬೇಕು, ಇಷ್ಟೇ. ಪ್ರತಿಯನ್ನು ಪ್ರಾಧಿಕಾರಕ್ಕೂ ಭಟ್ಕಳದ ಉಪವಿಭಾಗಾಧಿಕಾರಿಗಳಿಗೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. (2025ರಲ್ಲಿ ರಿಜಿಸ್ಟರ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಈಗ ಅದರಲ್ಲೇ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು.)

ಕ್ಯಾಂಪ್ ಆಫೀಸಿನಿಂದ ಕರೆ ಬಂತು. ಮೊದಲು ಐದು ಸಾವಿರ ನಗದು ಎಂದರು. ಆಮೇಲೆ ಪೂರ್ತಿ 11,800ರ ಚೆಕ್ಕು ಬರೆದಿಟ್ಟರು. ಒಂದು ಸಾಲು ಸೇರಿಸಿ ಎಂದು ಕೇಳಿದೆ: ‘ಈ ಮೊತ್ತವನ್ನು ಆಪರೇಟರ್‌ನ ಸಂಬಳದಿಂದ ಕಡಿತ ಮಾಡುವುದಿಲ್ಲ.’ ಮ್ಯಾನೇಜರ್ ನಕ್ಕರು. ‘ಅದು ನಮ್ಮ ಒಳಗಿನ ವಿಷಯ ಮಾಸ್ತರೇ, ನಿಮಗೆ ದುಡ್ಡು ಬಂದರೆ ಸಾಕಲ್ಲ.’ ಚೆಕ್ಕು ಮೇಜಿನ ಮೇಲೆಯೇ ಇತ್ತು. ಹೊರಗೆ ಮಳೆ. ತೆಗೆದುಕೊಂಡರೆ ನನ್ನ ಕೆಲಸ ಮುಗಿದಂತೆ. ಆದರೆ ನಷ್ಟ ಮುಗಿಯುತ್ತಿರಲಿಲ್ಲ, ಕೊಪ್ಪಳಕ್ಕೆ ಹೋಗಿ ಕೂರುತ್ತಿತ್ತು. ಚೆಕ್ಕು ಬಿಟ್ಟು ಎದ್ದು ಬಂದೆ. ಮನೆಯಲ್ಲಿ ಮಗ, ‘ಅಪ್ಪ, ಇದು ಅತಿಯಾಯ್ತು’ ಎಂದ. ಗ್ಯಾರೇಜಿನ ಬಿಲ್ಲನ್ನು ಆಗಲೇ ನನ್ನ ಸಂಬಳದಿಂದ ತೀರಿಸಿಯಾಗಿತ್ತು, ಅವನ ಕಾಲೇಜಿನ ಫೀಸು ಬಾಕಿಯಿತ್ತು. ಹದಿನಾರು ದಿನ ಯಾವ ಸುದ್ದಿಯೂ ಇರಲಿಲ್ಲ. ಹದಿನೇಳನೆಯ ದಿನ ಆ ಸಾಲು ಸೇರಿದ ಪತ್ರ, ಚೆಕ್ಕು ಎರಡೂ ಬಂದವು. ಮುಂದಿನ ತಿಂಗಳು ಒಂದು ಫೋನು: ‘ಪಗಾರ ಪೂರ್ತಿ ಬಂತ್ರೀ ಸರ್.’

ಎಲ್ಲರ ಕತೆಯೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. 2021ರಲ್ಲಿ ಭಟ್ಕಳದಲ್ಲಿ ರಿಕ್ಷಾ ಓಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ತಾಡಪತ್ರಿ ಹೊದಿಸದ ಟಿಪ್ಪರಿನಿಂದ ಜಲ್ಲಿ ಹಾರಿ ಮುಂದಿನ ಗಾಜು ಒಡೆದಿತ್ತು. ‘ಚೂರು ಕಲ್ಲು ಅಂತಾರೆ ಮಾಸ್ತರೇ’ ಎಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. 20 ಗ್ರಾಂ ತೂಕದ ಕಲ್ಲು, ಎದುರುಬದುರು ಬರುವ ವಾಹನಗಳ ವೇಗ ಕೂಡಿ ಗಂಟೆಗೆ 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್. ಚಲನಶಕ್ತಿ ಸುಮಾರು 6 ಜೌಲ್. ಒಂದು ಕಿಲೋ ಬಟ್ಟನ್ನು ಎರಡು ಅಡಿ ಎತ್ತರದಿಂದ ಗಾಜಿನ ಮೇಲೆ ಬಿಟ್ಟಂತೆ. ಆ ಲೆಕ್ಕವನ್ನೂ ಪತ್ರದಲ್ಲಿ ಬರೆದೆವು. ಟಿಪ್ಪರಿನ ನಂಬರನ್ನು ಅವನು ಬರೆದಿಟ್ಟುಕೊಂಡಿದ್ದ. ಗಾಜಿನ ಹಣ ಬಂತು. ರಿಕ್ಷಾ ನಿಂತಿದ್ದ ನಾಲ್ಕು ದಿನದ ದುಡಿಮೆ ಬರಲಿಲ್ಲ. ಅದಕ್ಕಾಗಿ ಇನ್ನೂ ಓಡಾಡಿದರೆ ಐದನೆಯ ದಿನದ ದುಡಿಮೆಯೂ ಹೋಗುತ್ತದೆ ಎಂದು ಅವನು ಕೈಬಿಟ್ಟ. ನನ್ನ ಹಾಗೆ ತಿಂಗಳ ಸಂಬಳ ಬರುವವನು ಹಟ ಹಿಡಿಯಬಹುದು. ದಿನದ ದುಡಿಮೆಯವನಿಗೆ ಹಟವೂ ದುಬಾರಿ. ಆದ್ದರಿಂದಲೇ ಬರೆಯಬಲ್ಲವರು ಬರೆಯಲಾಗದವರ ಜೊತೆ ಕೂರಬೇಕು.

ಅಂಥವರಿಗೆ ಇರುವ ದಾರಿಗಳನ್ನೂ ಹೇಳಿಬಿಡುತ್ತೇನೆ. ನ್ಯಾಯಾಲಯದ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ಕೇಸು ಹಾಕುವ ಮೊದಲೇ ವಿಷಯವನ್ನು ಲೋಕ ಅದಾಲತ್ತಿಗೆ ತರಬಹುದು. ಅದಕ್ಕೆ ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಹಾನಿ ಮಾಡಿದ್ದು ಮೋಟಾರು ವಾಹನವಾದರೆ ಅಪಘಾತ ಪರಿಹಾರ ನ್ಯಾಯಮಂಡಳಿಯೂ ಉಂಟು. 2022ರ ಏಪ್ರಿಲ್ 1ರಿಂದ ಅದಕ್ಕೆ ಆರು ತಿಂಗಳ ಗಡುವು ಸೇರಿದೆ, ತಡಮಾಡಬಾರದು. ಮಾಮೂಲು ಸಿವಿಲ್ ದಾವೆಗೆ ಮೂರು ವರ್ಷದ ಅವಧಿಯಿದೆ.

2024ರ ಜುಲೈ 16ರಂದು ಇದೇ ಹೆದ್ದಾರಿಯ ಮೇಲೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಗುಡ್ಡ ಕುಸಿದು ಜೀವಗಳೇ ಹೋದವು. ಅದರ ಮುಂದೆ ಒಂದು ದೀಪ, ಒಂದು ಗಾಜು ಯಾವ ಲೆಕ್ಕ ಎಂದು ಕೇಳಬಹುದು. ಚಿಕ್ಕದಕ್ಕೆ ಯಾರು ಹೊಣೆ ಎಂದು ಕೇಳಿ ರೂಢಿಯಿಲ್ಲದ ಊರಿಗೆ ದೊಡ್ಡದು ಬಂದಾಗ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ.

ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನದ ಪ್ರಶ್ನೆ ಇರುತ್ತದೆ. ಪಾಲಕರು ಒಂದು ಭಾನುವಾರ ಮಕ್ಕಳ ಕೈಯಲ್ಲಿ ಇಂಥ ಒಂದು ಪತ್ರವನ್ನೂ ಬರೆಸಿ ನೋಡಿ. ವಿಳಾಸ, ದಿನಾಂಕ, ನಡೆದ ಸಂಗತಿ, ಖರ್ಚಿನ ಲೆಕ್ಕ, ಲಗತ್ತುಗಳ ಪಟ್ಟಿ, ಕೆಳಗೆ ಸಹಿ. ಹೋದ ವರ್ಷ ನನ್ನ ತರಗತಿಯಲ್ಲಿ ಬರೆಸಿದಾಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ಯಾರ ಹೆಸರಿಗೆ ಬರೀಬೇಕು? ಗಾಡಿ ಓಡಿಸಿದವರಿಗೋ, ಓಡಿಸಲಿಕ್ಕೆ ಹೇಳಿದವರಿಗೋ?’

ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಪತ್ರ ಇನ್ನೂ ಬರೆದಿರಲಿಲ್ಲ.