ವರ್ಷಕ್ಕೊಮ್ಮೆ ಹೊಸದಾಗುವ ಗೋಡೆ

ದಸರೆ ಕಳೆದು ದೀಪಾವಳಿ ಸಮೀಪಿಸಿತೆಂದರೆ ಪಟ್ಟಣದ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: ‘ಈ ಸಲವಾದರೂ ಮನೆಗೆ ಒಂದಿಷ್ಟು ಹೊಸ ಕಳೆ ಬರಬೇಕು.’ ಯಜಮಾನರು ಬಣ್ಣದ ಅಂಗಡಿಯ ದರಪಟ್ಟಿ ನೋಡಿ ನಿಟ್ಟುಸಿರು ಬಿಡುತ್ತಾರೆ. ಗೃಹಿಣಿ ಪರದೆಯ ಬಟ್ಟೆ ಎಷ್ಟು ಮೀಟರು ಬೇಕೆಂದು ಲೆಕ್ಕ ಹಾಕುತ್ತಾಳೆ. ಮಕ್ಕಳು ಕುರ್ಚಿ ಮೇಜುಗಳನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದಾಡುತ್ತಾರೆ. ಕೊನೆಗೆ ಹಬ್ಬ ಬಂದು ಹೋಗುತ್ತದೆ, ಮನೆ ಮಾತ್ರ ಇದ್ದಂತೆಯೇ ಇರುತ್ತದೆ. ಇದೇ ಪ್ರಶ್ನೆಗೆ ಮಲೆನಾಡಿನ ಒಂದು ಮೂಲೆಯ ಹೆಣ್ಣುಮಕ್ಕಳು ಬಹುಕಾಲದ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಆ ಉತ್ತರಕ್ಕೆ ಬೇಕಾದುದು ಹಿಡಿ ಅಕ್ಕಿ, ಬುಟ್ಟಿ ಕೆಮ್ಮಣ್ಣು ಮತ್ತು ಒಂದಿಷ್ಟು ನಾರು. ಅದರ ಹೆಸರು ಚಿತ್ತಾರ.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣ ಪ್ರವಾಸಿಗರಿಗೆ ಅಪರಿಚಿತವೇನೂ ಅಲ್ಲ. ಜೋಗದ ಜಲಪಾತಕ್ಕೆ ಹೋಗುವವರು ಇಲ್ಲಿ ಇಳಿದು ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಇತಿಹಾಸಪ್ರಿಯರು ಕೆಳದಿಗೂ ಇಕ್ಕೇರಿಗೂ ಹೋಗಿ ನಾಯಕರ ಕಾಲದ ದೇವಾಲಯಗಳನ್ನು ಕಂಡು ಬರುತ್ತಾರೆ. ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಕೊಳ್ಳದೆ ಹಿಂದಿರುಗುವವರು ಕಡಿಮೆ. ಆದರೆ ಹೆದ್ದಾರಿಯನ್ನು ಬಿಟ್ಟು, ಅಡಕೆ ತೋಟಗಳ ಅಂಚಿನಲ್ಲಿ, ಗದ್ದೆಗಳ ನಡುವೆ ಸಾಗುವ ಕೆಂಪು ದಾರಿಗಳನ್ನು ಹಿಡಿದವರಿಗೆ ಮಾತ್ರ ಈ ಸೀಮೆಯ ಇನ್ನೊಂದು ಸಿರಿ ಕಾಣಿಸುತ್ತದೆ. ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳಲ್ಲಿಯೂ ಉತ್ತರ ಕನ್ನಡದ ಸಿದ್ದಾಪುರದಲ್ಲಿಯೂ ನೆಲೆಸಿರುವ ದೀವರು ಬೇಸಾಯವನ್ನು ನಂಬಿದ ಜನ. ಅವರ ಮನೆಯ ಗೋಡೆಗಳೇ ಚಿತ್ತಾರದ ತವರು.

ಹಳೆಯ ಮಾದರಿಯ ಮನೆಯೊಂದರ ಜಗುಲಿ ಹತ್ತಿದರೆ ಕಣ್ಣಿಗೆ ಮೊದಲು ತಂಪು, ಅನಂತರ ಬೆರಗು. ಮಣ್ಣಿನ ಗೋಡೆಗೆ ನುಣ್ಣಗೆ ಬಳಿದ ಕೆಮ್ಮಣ್ಣು. ಅದರ ಮೇಲೆ ಎಳೆ ಎಳೆಯಾಗಿ ಬಿಳಿಯ ಗೆರೆ. ಗೆರೆಗಳು ಒಂದರ ಪಕ್ಕ ಒಂದು ನಿಂತು ಚೌಕವಾಗುತ್ತವೆ, ಓರೆಯಾಗಿ ಹಾಯ್ದು ಬಲೆಯಾಗುತ್ತವೆ, ಹೆಣೆದುಕೊಂಡು ‘ಜೋಗಿಜಡೆ’ಯಾಗುತ್ತವೆ. ನಡುವೆ ಅಲ್ಲಲ್ಲಿ ಹಕ್ಕಿ, ಏಣಿ, ತೆನೆ, ದಂಡಿಗೆ. ಮನುಷ್ಯರ ಆಕೃತಿಗಳೂ ಕಡ್ಡಿಯಷ್ಟು ಸರಳ. ಎಲ್ಲಿಯೂ ತುಂಬಿ ತುಳುಕುವ ಬಣ್ಣವಿಲ್ಲ. ಆದರೂ ಗೋಡೆ ಬರಿದೆನಿಸುವುದಿಲ್ಲ.

ಬಣ್ಣಗಳು ನಾಲ್ಕೇ ನಾಲ್ಕು. ಕೆಂಪು ನೆಲದಿಂದ ಬಂದದ್ದು. ಬಿಳುಪು ನೆನೆಸಿ ನುಣ್ಣಗೆ ಅರೆದ ಅಕ್ಕಿಯದು. ಕೆಲವೆಡೆ ಬಿಳಿಯ ಜೇಡಿಮಣ್ಣಿನದು. ಅದೇ ಅಕ್ಕಿಯನ್ನು ಕರಕಲಾಗುವವರೆಗೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ. ಕುಂಚವೂ ಅಂಗಡಿಯದಲ್ಲ; ಪುಂಡಿಯ ನಾರನ್ನು ಕಟ್ಟಿ ಬೇಕಾದಷ್ಟು ಸಪೂರವಾಗಿ ಮಾಡಿಕೊಂಡದ್ದು. ಅಕ್ಕಿಯ ಹಿಟ್ಟು ತೆಳುವಾದರೆ ಗೆರೆ ಹರಿದು ಹೋಗುತ್ತದೆ, ಮಂದವಾದರೆ ಒಣಗಿ ಬಿರಿಯುತ್ತದೆ. ಆ ಹದವನ್ನು ಯಾವ ಪುಸ್ತಕವೂ ಕಲಿಸಲಾರದು. ತಾಯಿಯ ಪಕ್ಕದಲ್ಲಿ ಕುಳಿತ ಮಗಳ ಬೆರಳಿಗೆ ಮಾತ್ರ ಅದು ತಿಳಿಯುತ್ತದೆ. ಈ ಕೆಲಸದಲ್ಲಿ ಕೈ ಪಳಗಿದವಳಿಗೆ ಊರಲ್ಲಿ ‘ಚಿತ್ತಾರಗಿತ್ತಿ’ ಎಂಬ ಗೌರವದ ಹೆಸರುಂಟು.

ಚಿತ್ತಾರಕ್ಕೆ ಕಾಲವುಂಟು, ಕಾರಣವುಂಟು. ಮದುವೆಯ ಮನೆಯಲ್ಲಿ ವಧೂವರರನ್ನು ಕೂರಿಸುವ ಎಡೆಯ ಗೋಡೆಗೆ ‘ಹಸೆ ಚಿತ್ತಾರ’ ಬರೆಯಬೇಕು. ಆಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಪೈರು ಗರ್ಭ ಧರಿಸಿ ನಿಂತ ಕಾಲ. ಬಸುರಿಯಾದ ಮಗಳಿಗೆ ಬಯಕೆಯ ಊಟ ಬಡಿಸುವಂತೆ ಅಂದು ಭೂಮಿತಾಯಿಗೆ ಬಗೆಬಗೆಯ ಅಡುಗೆ ಅರ್ಪಿತವಾಗುತ್ತದೆ. ಆ ಅಡುಗೆಯನ್ನು ಗದ್ದೆಗೆ ಹೊತ್ತೊಯ್ಯುವ ‘ಭೂಮಣ್ಣಿ ಬುಟ್ಟಿ’ಗೆ ಹೆಂಗಸರು ಮುಂಚಿತವಾಗಿಯೇ ಕೆಮ್ಮಣ್ಣು ಬಳಿದು ಚಿತ್ತಾರ ಬರೆದಿರುತ್ತಾರೆ. ಬಿದಿರಿನ ಬುಟ್ಟಿಯ ಉಬ್ಬುತಗ್ಗಿನ ಮೇಲೆ ಕೂದಲೆಳೆಯ ಗೆರೆ ಎಳೆಯುವುದು ಸಾಮಾನ್ಯ ತಾಳ್ಮೆಯ ಮಾತಲ್ಲ.

ಇಷ್ಟು ಶ್ರಮದಿಂದ ಬರೆದ ಚಿತ್ತಾರ ಎಷ್ಟು ದಿನ ಉಳಿಯುತ್ತದೆ? ಇಲ್ಲಿಯೇ ಈ ಕಲೆಯ ಗುಟ್ಟಿರುವುದು. ಮಲೆನಾಡಿನ ಮಳೆಗಾಲದ ಥಂಡಿ, ಒಲೆಯ ಹೊಗೆ, ಮಕ್ಕಳ ಕೈ, ಇರುವೆಯ ಬಾಯಿ ಇವೆಲ್ಲ ಸೇರಿ ಗೋಡೆಯನ್ನು ಮಾಸಿಸುತ್ತವೆ. ಹಾಗೆ ಮಾಸಿದಾಗ ಮನೆಯಾಕೆ ಮರುಗುವುದಿಲ್ಲ. ಮತ್ತೆ ಕೆಮ್ಮಣ್ಣು ಕಲಸುತ್ತಾಳೆ. ಮಾಸುವುದರಿಂದಲೇ ಮರಳಿ ಬರೆಯುವ ಅವಕಾಶ. ಮರಳಿ ಬರೆಯುವುದರಿಂದಲೇ ಮಗಳಿಗೆ ಪಾಠ. ಮನೆಗೆ ಹೊಸ ಕಳೆ ತರುವುದೆಂದರೆ ಹೊಸ ವಸ್ತುವನ್ನು ತರುವುದಲ್ಲ, ಇರುವ ಗೋಡೆಯನ್ನು ಕೈಯಾರೆ ಮತ್ತೊಮ್ಮೆ ಮುಟ್ಟುವುದು ಎಂಬ ತಿಳಿವಳಿಕೆ ಅಲ್ಲಿದೆ.

ಆ ಗೋಡೆಗಳಿಗೆ ಸಂಕಟ ಬಂದದ್ದು ಎರಡು ಸಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನಾಡಿಗೆ ಬೆಳಕು ಬಂದಿತು. ಆದರೆ ಹಿನ್ನೀರಿನಲ್ಲಿ ಹಳ್ಳಿಹಳ್ಳಿಗಳೇ ಮುಳುಗಿ, ಸಾವಿರಾರು ಸಂಸಾರಗಳು ನೆಲೆ ತಪ್ಪಿದವು. ಮುಳುಗಡೆಯಾದವರಲ್ಲಿ ದೀವರ ಮನೆಗಳೂ ಇದ್ದವು. ಗೋಡೆಯನ್ನು ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಗೆರೆ ಎಳೆಯುವ ಕೈಯೊಂದೇ ಜತೆಗೆ ಹೋಗಬಲ್ಲುದಾಗಿತ್ತು. ಎರಡನೆಯ ಸಂಕಟ ಸದ್ದಿಲ್ಲದೆ ಬಂದಿತು. ಮಣ್ಣಿನ ಗೋಡೆಯ ಜಾಗದಲ್ಲಿ ಸಿಮೆಂಟು ನಿಂತಿತು. ಸಿಮೆಂಟಿಗೆ ಹೊಳಪಿನ ಬಣ್ಣ ಬಂದಿತು. ಆ ಗೋಡೆ ಸೋರುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ವರ್ಷವರ್ಷ ದುಡಿಸಿಕೊಳ್ಳುವುದೂ ಇಲ್ಲ. ಗದ್ದೆಯಲ್ಲಿ ದುಡಿದು ದಣಿದ ಹೆಣ್ಣಿಗೆ ಅದು ದೊಡ್ಡ ನೆಮ್ಮದಿ. ಅದನ್ನು ಹಳಿಯುವ ಹಕ್ಕು ಪಟ್ಟಣದವರಿಗಿಲ್ಲ. ಆದರೆ ಮಾಸದ ಗೋಡೆಯ ಮನೆಯಲ್ಲಿ ಮಗಳು ಹದ ಕಲಿಯುವುದು ಎಲ್ಲಿ?

ಈಗ ಚಿತ್ತಾರ ಕಾಗದಕ್ಕೂ ಬಟ್ಟೆಗೂ ಹಲಗೆಗೂ ಇಳಿದಿದೆ. ಸಾಗರದ ಬಳಿಯ ಸಿರಿವಂತೆಯಂಥ ಊರುಗಳಲ್ಲಿ ಅದನ್ನು ಬರೆಯುವವರೂ ಕಲಿಸುವವರೂ ಇದ್ದಾರೆ. ಗೋಡೆಯ ಗೆರೆಗೆ ಹಿಂದೆ ಇಲ್ಲದ ಬೆಲೆ ಬಂದಿದೆ. ಚೌಕಟ್ಟಿನ ಚಿತ್ತಾರ ಗೋಡೆಯ ಚಿತ್ತಾರಕ್ಕೆ ಸಮವಲ್ಲವೆಂಬುದು ನಿಜ; ಆಳೆತ್ತರದ ಗೋಡೆಯ ಮುಂದೆ ನಿಂತು ತೋಳು ಚಾಚಿ ಗೆರೆ ಎಳೆಯುವ ಅನುಭವ ಹಾಳೆಯಲ್ಲಿ ಬಾರದು. ಆದರೂ ಕೈ ಆಡುತ್ತಿರುವವರೆಗೆ ಕಲೆ ಉಳಿಯುತ್ತದೆ. ಕೈಗೆ ಕೂಲಿ ಸಿಕ್ಕಿದರೆ ಇನ್ನಷ್ಟು ಕಾಲ ಉಳಿಯುತ್ತದೆ.

ಹಾಗಾದರೆ ಪಟ್ಟಣದ ಮನೆ ಈ ಸೀಮೆಯಿಂದ ಕಲಿಯಬಹುದಾದುದೇನು?

ಮೊದಲನೆಯದಾಗಿ, ಒಂದೇ ಗೋಡೆಯನ್ನು ಆರಿಸಿಕೊಳ್ಳುವುದು. ಮನೆಯನ್ನೆಲ್ಲ ಸಿಂಗರಿಸಹೊರಟರೆ ಯಾವುದೂ ಕಣ್ಣಿಗೆ ನಾಟದು. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ, ಅಡುಗೆಮನೆಯ ಹಬೆ ತಾಗದ ಗೋಡೆ ಉತ್ತಮ. ಅದಕ್ಕೆ ಹೊಳಪಿಲ್ಲದ ಕೆಮ್ಮಣ್ಣಿನ ಬಣ್ಣ ಬಳಿಸಬೇಕು. ಹೊಳೆಯುವ ಎಣ್ಣೆಬಣ್ಣದ ಮೇಲೆ ಬಿಳಿಯ ಗೆರೆ ಮಂಕಾಗುತ್ತದೆ. ಉಳಿದ ಮೂರು ಗೋಡೆಗಳು ಸುಣ್ಣದ ಬಿಳುಪಿನಲ್ಲಿದ್ದರೆ ಕೋಣೆ ಕತ್ತಲೆನಿಸದು. ಹಳೆಯ ಕ್ಯಾಲೆಂಡರುಗಳಿಗೆ ಆ ಗೋಡೆಯ ಮೇಲಂತೂ ಸ್ಥಳವಿರಬಾರದು.

ಎರಡನೆಯದಾಗಿ, ಬಾಗಿಲಿನ ಸುತ್ತ ಅಥವಾ ಗೂಡಿನ ಸುತ್ತ ನಾಲ್ಕು ಬೆರಳಗಲದ ಒಂದು ಅಂಚು. ಸೀಮೆಸುಣ್ಣದಲ್ಲಿ ಚುಕ್ಕಿಯಿಟ್ಟುಕೊಂಡು ಗೆರೆ ಕೂಡಿಸುವುದು ರಂಗೋಲಿ ಬಲ್ಲ ಮನೆಗೆ ಕಷ್ಟವೇನಲ್ಲ. ಸಿಮೆಂಟಿನ ಮೇಲೆ ಅಕ್ಕಿಹಿಟ್ಟು ಉದುರುತ್ತದೆ, ಜಿರಲೆಯನ್ನೂ ಕರೆಯುತ್ತದೆ. ಅಲ್ಲಿ ಬಿಳಿಯ ಡಿಸ್ಟೆಂಪರೇ ಸರಿ. ಅಕ್ಕಿಯಲ್ಲಿಯೇ ಬರೆಯುವ ಆಸೆಯಿದ್ದವರು ಒಂದು ಹಲಗೆಗೆ ಸೋಸಿದ ಕೆಮ್ಮಣ್ಣನ್ನು ಸ್ವಲ್ಪ ಗೋಂದಿನೊಡನೆ ಬಳಿದು, ಚೆನ್ನಾಗಿ ಒಣಗಿಸಿ, ಅದರ ಮೇಲೆ ಕೈ ಪಳಗಿಸಬಹುದು. ಬಾಡಿಗೆ ಮನೆಯವರಿಗೂ ಇದೇ ಉಪಾಯ. ಮನೆ ಬದಲಿಸುವಾಗ ಹಲಗೆಯೂ ಜತೆಗೆ ಬರುತ್ತದೆ.

ಮೂರನೆಯದಾಗಿ, ಗೋಡೆಯ ಬುಡದಲ್ಲಿ ಕೆಂಪು ಪಟ್ಟಿಯ ಕಾರಣೆ. ನಮ್ಮ ಅಜ್ಜಿಯರ ಕಾಲದಲ್ಲಿ ಸಾರಣೆಯೊಡನೆ ಕಾರಣೆಯೂ ತಪ್ಪುತ್ತಿರಲಿಲ್ಲ. ನೆಲ ಒರೆಸುವಾಗ ಗೋಡೆಗೆ ಚಿಮ್ಮುವ ಕೊಳೆಯನ್ನು ಅದು ಮರೆಮಾಡುತ್ತದೆ, ಕೋಣೆಗೆ ಒಂದು ಅಂಚುಸೀರೆಯ ಗಾಂಭೀರ್ಯವನ್ನೂ ಕೊಡುತ್ತದೆ.

ಒಂದು ಎಚ್ಚರಿಕೆಯೂ ಅಗತ್ಯ. ಹಸೆ ಚಿತ್ತಾರ ಮದುವೆಯ ಮಂಗಳಕ್ಕಾಗಿ ಬರೆದದ್ದು. ಭೂಮಣ್ಣಿ ಬುಟ್ಟಿ ಅನ್ನ ಹೊತ್ತದ್ದು. ಅಂಥ ಬುಟ್ಟಿಯನ್ನು ಕೊಂಡು ತಂದವರು ಅದರಲ್ಲಿ ಹಣ್ಣೋ ಹೂವೋ ಇಟ್ಟರೆ ಚೆನ್ನ. ಪಾದರಕ್ಷೆ, ಕಸಕಡ್ಡಿಗೆ ಅದು ಎಡೆಯಲ್ಲ. ಹಸೆಯನ್ನು ಗೋಡೆಗೆ ಬೇಕೆನ್ನುವವರು ಅಚ್ಚಾದ ನಕಲನ್ನು ಅಂಟಿಸುವ ಬದಲು ಬರೆಯುವ ಕೈಯಿಂದಲೇ, ಆ ಕೈ ಹೇಳಿದ ಬೆಲೆಗೆ ಪಡೆಯುವುದು ನ್ಯಾಯ. ತಾವೇ ಬರೆಯುವವರಿಗೆ ತಮ್ಮ ಮನೆಯ ರಂಗೋಲಿಯ ಎಳೆಯೇ ಸಾಕಷ್ಟು ಬಂಡವಾಳ.

ಬರೆದ ಗೆರೆ ಸ್ವಲ್ಪ ಸೊಟ್ಟಗಾದರೆ ಆಗಲಿ. ಮುಂದಿನ ವರ್ಷ ಅದು ಮಾಸುತ್ತದೆ. ಆಗ ಮನೆಯ ಮಗಳೋ ಮಗನೋ ಕುಂಚ ಹಿಡಿದು ಇನ್ನಷ್ಟು ನೇರವಾಗಿ ಎಳೆಯುತ್ತಾರೆ. ಹಬ್ಬದ ಮುಂಚಿನ ಒಂದು ಭಾನುವಾರವನ್ನು ಇದಕ್ಕೆಂದು ಮೀಸಲಿಟ್ಟ ಮನೆಗೆ ದರಪಟ್ಟಿಯ ಭಯವಿಲ್ಲ, ಹೊಸ ಕಳೆಗೆ ಕೊರತೆಯೂ ಇಲ್ಲ.