ಬೆನ್ನಿ ಎಂದರೆ ಎಳ್ಳು

ಕಳೆದ ಚಳಿಗಾಲವನ್ನು ನಾನು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ ಕಳೆದೆ. ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಒಂದು ಸಂಜೆ ಶಾಲೆಯಿಂದ ಒಂದು ಹಾಳೆ ಹಿಡಿದುಕೊಂಡು ಬಂದಳು. ಮನೆತನದ ಒಂದು ಅಡುಗೆಯನ್ನು ಆರಿಸಿಕೊಂಡು ಮಾಡುವ ಬಗೆಯನ್ನು ಬರೆಯಬೇಕು; ಅದನ್ನು ಯಾರು ಯಾರಿಂದ ಕಲಿತರು ಎಂಬುದನ್ನು ಗೊತ್ತಿದ್ದಷ್ಟು ಹಿಂದಕ್ಕೆ ಹೋಗಿ ಹೆಸರು ಸಹಿತ ತುಂಬಬೇಕು. ಹಾಳೆಯಲ್ಲಿ ಆರು ಖಾನೆಗಳಿದ್ದವು.

ನಾನು ಧಾರವಾಡದ ಕಡೆಯವಳು. ಅಡುಗೆ ಯಾವುದೆಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ ನಮ್ಮಲ್ಲಿ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮೊದಲ ಖಾನೆಯಲ್ಲಿ ಮೊಮ್ಮಗಳು ತನ್ನ ಹೆಸರು ಬರೆದಳು. ಎರಡನೆಯದರಲ್ಲಿ ಅವಳಮ್ಮ, ಮೂರನೆಯದರಲ್ಲಿ ನಾನು, ನಾಲ್ಕನೆಯದರಲ್ಲಿ ನಮ್ಮ ಅವ್ವ, ಐದನೆಯದರಲ್ಲಿ ಅವ್ವನ ತಾಯಿ. 'ಆಮೇಲೆ?' ಎಂದಳು. ಆಮೇಲೆ ಇದ್ದವಳು ನನ್ನ ಅಜ್ಜಿಯ ತಾಯಿ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಬಾದಾಮಿ ಚಾಲುಕ್ಯರ ವಂಶಾವಳಿಯನ್ನು ಬಾಯಿಪಾಠ ಮಾಡಿಸಿದ್ದೇನೆ.

'ನಾಳೆ ನೋಡೋಣ' ಎಂದು ಹಾಳೆಯನ್ನು ಮಡಿಚಿಟ್ಟೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಆಫ್ರಿಕನ್-ಅಮೆರಿಕನ್ ಹೆಂಗಸು ಒಬ್ಬರೇ ಇರುತ್ತಿದ್ದರು. ಹುಟ್ಟಿ ಬೆಳೆದದ್ದು ಉತ್ತರದ ಫಿಲಡೆಲ್ಫಿಯಾದಲ್ಲಿ. ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ದಕ್ಷಿಣಕ್ಕೆ ಬಂದು ನೆಲೆಸಿದ್ದರು. ನಾನು ಬಂದ ವಾರದಲ್ಲೇ ಒಂದು ತಗಡಿನ ಡಬ್ಬಿ ಹಿಡಿದು ಬಂದು, 'ಬೆನ್ನಿ ಬಿಸ್ಕತ್ತು, ನಾನೇ ಮಾಡಿದ್ದು' ಎಂದು ಕೊಟ್ಟಿದ್ದರು. ನಮ್ಮ ಕಡೆ ಬೆಣ್ಣೆಗೆ ಬೆಣ್ಣಿ ಎನ್ನುವುದು. ಸಾತ್ವಿಕವಾದದ್ದೇ ಇರಬೇಕೆಂದು ಬಾಯಿಗೆ ಹಾಕಿಕೊಂಡರೆ ಹುರಿದ ಎಳ್ಳಿನ ಘಮ! ಆ ಸೀಮೆಯಲ್ಲಿ ಬೆನ್ನಿ ಎಂದರೆ ಎಳ್ಳು. ಪಶ್ಚಿಮ ಆಫ್ರಿಕದ ಭಾಷೆಗಳಿಂದ ಬಂದ ಶಬ್ದ. ಗುಲಾಮರಾಗಿ ಹಡಗಿನಲ್ಲಿ ತುಂಬಿ ತಂದ ಜನರ ಜೊತೆಗೆ ಬಂದದ್ದು. ಆ ಕರಾವಳಿಯನ್ನು ಬಿಟ್ಟರೆ ಅಮೆರಿಕದ ಬೇರೆ ಕಡೆ ಎಳ್ಳಿಗೆ ಹಾಗೆನ್ನುವವರು ಸಿಗುವುದು ಅಪರೂಪ.

ಶಾಲೆಯ ಹಾಳೆಯ ವಿಷಯ ಹೇಳಿದಾಗ ಅವರು ನಕ್ಕರು. 'ನಾನು ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಬನ್ನಿ' ಎಂದು ಒಳಗೆ ಕರೆದರು. ಊಟದ ಮೇಜಿನ ತುಂಬ ಕಡತಗಳಿದ್ದವು.

ಅವರ ಅಜ್ಜಿ 1923ರಲ್ಲಿ ದಕ್ಷಿಣ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದವರು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪುಜನ ಹೀಗೆ ದಕ್ಷಿಣವನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ಗುಳೆ ಹೋದರು. ಕೂಲಿ ಸಿಗುವುದೊಂದು ಕಾರಣ; ಬಿಳಿಯರ ದಬ್ಬಾಳಿಕೆ, ಗುಂಪುಕೊಲೆಗಳ ಹೆದರಿಕೆ ಇನ್ನೊಂದು ಕಾರಣ. ಹೋದವರಲ್ಲಿ ಎಷ್ಟೋ ಜನ ಬಿಟ್ಟುಬಂದ ಊರಿನ ಮಾತೆತ್ತುತ್ತಿರಲಿಲ್ಲ. ಈ ಅಜ್ಜಿಯೂ ಅಷ್ಟೆ. 'ಎಲ್ಲಿಂದ ಬಂದೆ?' ಎಂದರೆ 'ಕೆಳಗಿನಿಂದ' ಎನ್ನುತ್ತಿದ್ದರಂತೆ. ಅದರಾಚೆಗೆ ಮಾತಿಲ್ಲ.

ಮಾತಾಡಿದ್ದು ಅಡುಗೆಮನೆ. ಅಜ್ಜಿ ಎಳ್ಳಿಗೆ ಬೆನ್ನಿ ಎನ್ನುತ್ತಿದ್ದರು. ದಿನವೂ ಅನ್ನ ಬೇಕಿತ್ತು. ಅಕ್ಕಪಕ್ಕದ ಅಲಬಾಮಾ, ಮಿಸಿಸಿಪಿ ಕಡೆಯವರು ಗೋವಿನಜೋಳದ ರೊಟ್ಟಿ ತಿನ್ನುತ್ತಿದ್ದರೆ ಇವರ ಮನೆಯಲ್ಲಿ ಮಾತ್ರ ಟೊಮೆಟೊ ಹಾಕಿದ ಕೆಂಪು ಅನ್ನ, ಬೆಂಡೆಕಾಯಿಯ ಸಾರು. ಅನ್ನಕ್ಕೆ ನೀರನ್ನು ಅಳೆಯುತ್ತಿದ್ದುದು ಬೆರಳಿನ ಗೆಣ್ಣಿನಿಂದ. ಹೊಸ ವರ್ಷದ ದಿನ ಅಲಸಂದಿ ಕಾಳು ಹಾಕಿದ ಅನ್ನ ತಪ್ಪುತ್ತಿರಲಿಲ್ಲ; ಕಾಳು ತಿಂದರೆ ವರ್ಷವಿಡೀ ಕಾಸಿಗೆ ಕೊರತೆಯಿಲ್ಲ ಎಂಬ ನಂಬಿಕೆ. 'ಹಾಪಿನ್ ಜಾನ್' ಎಂದು ಅದರ ಹೆಸರು.

ಇದೆಲ್ಲ ಆ ಮನೆಯವರಿಗೆ ಅಜ್ಜಿಯ ಚಪಲವೆಂದೇ ಕಂಡಿತ್ತು. ಆದರೆ ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಮೊಮ್ಮಗಳು ಬೇರು ಹುಡುಕಲು ಹೊರಟಾಗ ಕೈಗೆ ಸಿಕ್ಕ ಮೊದಲ ಸುಳಿವು ಇದೇ. ದಿನವೂ ಅನ್ನ ಉಣ್ಣುವ, ಎಳ್ಳಿಗೆ ಬೆನ್ನಿ ಎನ್ನುವ ಕಪ್ಪುಜನ ಇದ್ದದ್ದು ದಕ್ಷಿಣ ಕೆರೊಲಿನಾ, ಜಾರ್ಜಿಯಾಗಳ ಕರಾವಳಿಯಲ್ಲಿ, ಅದರ ದ್ವೀಪಗಳಲ್ಲಿ. ಅಲ್ಲಿಯ ಬತ್ತದ ತೋಟಗಳ ಮಾಲೀಕರು ಸೆನೆಗಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್ ಕಡೆಯಿಂದ ಬತ್ತ ಬೆಳೆದು ಗೊತ್ತಿದ್ದ ಜನರನ್ನೇ ಬಯಸಿ ಕೊಳ್ಳುತ್ತಿದ್ದರು. ಅವರ ಸಂತತಿಯವರನ್ನು ಈಗ ಗಲ್ಲಾ-ಗೀಚಿ ಜನ ಎನ್ನುತ್ತಾರೆ. ದೊಡ್ಡ ದೇಶದ ಭೂಪಟದಲ್ಲಿ ಒಂದು ಸಣ್ಣ ಪಟ್ಟಿಯ ಮೇಲೆ ಬೆರಳಿಡಲು ಒಂದು ಡಬ್ಬಿ ಬಿಸ್ಕತ್ತು ಸಾಕಾಯಿತು.

ಎರಡನೆಯ ಸುಳಿವು ಅಜ್ಜಿಯ ಬೈಬಲ್. ಅದರ ಕೊನೆಯ ಖಾಲಿ ಪುಟಗಳಲ್ಲಿ ಮಕ್ಕಳು ಹುಟ್ಟಿದ ತಾರೀಖುಗಳ ನಡುವೆಯೇ ಉಪ್ಪಿನಕಾಯಿಗೆ ಎಷ್ಟು ವಿನೆಗರ್ ಎಂಬುದೂ ಬರೆದಿತ್ತು. ಮೇಲ್ತುದಿಯಲ್ಲಿ ಅಜ್ಜಿಯ ಅಜ್ಜಿಯ ಹೆಸರು, ಪಕ್ಕದಲ್ಲಿ 'ಬೆನ್ನಿ ಇವಳದು' ಎಂಬ ಎರಡು ಶಬ್ದ.

ಮುಂದಿನದು ದಾಖಲೆಗಳ ಕೆಲಸ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ. 72 ವರ್ಷ ಕಳೆದ ಮೇಲೆ ಅದರ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದು. 1950ರದ್ದು 2022ರಲ್ಲಿ ಬಿಡುಗಡೆಯಾಯಿತು. ಗೊತ್ತಿದ್ದಲ್ಲಿಂದ ಗೊತ್ತಿಲ್ಲದ ಕಡೆಗೆ ಹಿಂದೆ ಹಿಂದೆ ನಡೆಯಬೇಕು. 1890ರ ಗಣತಿಯ ಬಹುಪಾಲು 1921ರ ಬೆಂಕಿಯಿಂದ ಹಾಳಾಗಿದೆ, ಅದನ್ನು ದಾಟಿ 1880ಕ್ಕೆ ಹಾರಬೇಕು. ಅಲ್ಲಿಂದ 1870. ಅಲ್ಲಿ ಒಂದು ಗೋಡೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರುಗಳು ಗಣತಿಯಲ್ಲಿ ಮೊದಲ ಸಲ ಬಂದದ್ದು 1870ರಲ್ಲಿ. ಅದಕ್ಕೂ ಹಿಂದೆ, 1850 ಮತ್ತು 1860ರಲ್ಲಿ, ಅವರಿಗಾಗಿ ಬೇರೆಯೇ ಪಟ್ಟಿಯಿತ್ತು. ಅದರಲ್ಲಿ ಮಾಲೀಕನ ಹೆಸರಿದೆ. ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೆ. ಹೆಸರು ಬರೆಯುವ ಪದ್ಧತಿ ಇರಲಿಲ್ಲ.

ಅವರೇ ಬರೆದಿಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಬರೆಯಲು ಕಲಿಸುವುದು 1740ರ ಕಾನೂನಿನ ಪ್ರಕಾರ ಅಪರಾಧ. 1834ರಲ್ಲಿ ಓದು ಕಲಿಸುವುದನ್ನೂ ಅಪರಾಧ ಮಾಡಿದರು. ಅಕ್ಷರವನ್ನು ಕಿತ್ತುಕೊಂಡರೆ ಮಿಕ್ಕುವುದು ಕೈ, ನಾಲಗೆ, ಕಿವಿ. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ ಆ್ಯಬಿ ಫಿಶರ್ ಎಂಬಾಕೆ 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಡುಗೆ ಪುಸ್ತಕ ತಂದರು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಬಾಯಲ್ಲಿ ಹೇಳಿ ಬರೆಸಿದ ಪುಸ್ತಕ ಅದು. ಕೇಳಿ ಬರೆದುಕೊಂಡವರಿಗೆ 'ಸಕಟಾಶ್' ಎಂಬುದು 'ಸರ್ಕಿಟ್ ಹ್ಯಾಶ್' ಎಂದು ಕೇಳಿಸಿ, ಹಾಗೆಯೇ ಅಚ್ಚಾಗಿದೆ. ಆ ತಪ್ಪಿನಲ್ಲಿ ಆಕೆಯ ದನಿ ಉಳಿದುಕೊಂಡಿದೆ ಎಂದು ನನಗನ್ನಿಸಿತು.

ಕಿವಿ ಉಳಿಸಿದ ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು. 1930ರ ದಶಕದಲ್ಲಿ ಲೊರೆಂಜೊ ಡೌ ಟರ್ನರ್ ಎಂಬ ಭಾಷಾಶಾಸ್ತ್ರಜ್ಞರು ಜಾರ್ಜಿಯಾದ ಕರಾವಳಿಯಲ್ಲಿ ಅಮೇಲಿಯಾ ಡಾಲಿ ಎಂಬಾಕೆಯ ಹಾಡೊಂದನ್ನು ಧ್ವನಿಮುದ್ರಿಸಿಕೊಂಡಿದ್ದರು. ತಾಯಿಯಿಂದ ಮಗಳಿಗೆ ಬಂದ ಹಾಡು. ಅರ್ಥ ಹಾಡುವವರಿಗೇ ತಿಳಿಯದು. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆಯದೆಂದು ಗೊತ್ತಾಯಿತು. ದಶಕಗಳ ಮೇಲೆ ಸಂಶೋಧಕರು ಆ ದೇಶದಲ್ಲಿ ಹುಡುಕುತ್ತ ಹೋದಾಗ ಸೆನೆಹುನ್ ನ್ಗೋಲಾ ಎಂಬ ಹಳ್ಳಿಯಲ್ಲಿ ಬೆಂದು ಜಬಾಟಿ ಎಂಬ ಹೆಂಗಸು ಅದೇ ಹಾಡನ್ನು ಹಾಡಿದರು. ಸತ್ತವರನ್ನು ಬೀಳ್ಕೊಡುವಾಗ ಹೆಂಗಸರು ಹಾಡುವ ಹಾಡು. ಅವರಿಗೆ ಅಜ್ಜಿ ಕಲಿಸಿದ್ದು. 1997ರಲ್ಲಿ ಅಮೇಲಿಯಾ ಅವರ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋದರು. ಬಂದವರಿಗೂ ಇದ್ದವರಿಗೂ ಒಂದು ಹಾಡು ಗುರುತಿನ ಚೀಟಿಯಾಯಿತು.

ನಮ್ಮ ನೆರೆಯವರಿಗೆ ಅಂಥ ಅದೃಷ್ಟ ಒಲಿಯಲಿಲ್ಲ. ಸಿಕ್ಕಿದ್ದು ಒಂದು ಬ್ಯಾಂಕಿನ ಪುಸ್ತಕ. ಅಂತರ್ಯುದ್ಧ ಮುಗಿದ 1865ರಲ್ಲಿ, ಬಿಡುಗಡೆಯಾದವರಿಗಾಗಿ ಫ್ರೀಡ್‌ಮನ್ಸ್ ಬ್ಯಾಂಕ್ ಎಂಬ ಉಳಿತಾಯದ ಬ್ಯಾಂಕನ್ನು ತೆರೆದಿದ್ದರು. ಖಾತೆ ತೆರೆಯುವಾಗ ಗುರುತಿಗೆಂದು ತಂದೆ ತಾಯಿ, ಒಡಹುಟ್ಟಿದವರು, ಬೆಳೆದ ಸ್ಥಳ ಕೇಳಿ ಬರೆದುಕೊಳ್ಳುತ್ತಿದ್ದರು. 1874ರಲ್ಲಿ ಬ್ಯಾಂಕು ಮುಳುಗಿ 60 ಸಾವಿರಕ್ಕೂ ಹೆಚ್ಚು ಬಡವರು ದುಡ್ಡು ಕಳೆದುಕೊಂಡರು. ದುಡ್ಡು ಹೋಯಿತು, ಪುಸ್ತಕಗಳು ಉಳಿದವು. ಅದರಲ್ಲೊಂದು ಪುಟದಲ್ಲಿ ಬೈಬಲ್ಲಿನ ಆ ಹೆಸರು ಸಿಕ್ಕಿತು. ವಯಸ್ಸು ಹತ್ತೊಂಬತ್ತು. ತಾಯಿಯ ಹೆಸರಿತ್ತು. ತಂದೆಯ ಹೆಸರಿನ ಮುಂದೆ 'ಯುದ್ಧಕ್ಕೆ ಮೊದಲೇ ಮಾರಿದರು' ಎಂದಿತ್ತು. ಸಹಿಯ ಜಾಗದಲ್ಲಿ ಒಂದು ಅಡ್ಡಗೀರು, ಒಂದು ಉದ್ದಗೀರು.

ಆ ಪುಟದಲ್ಲಿದ್ದ ತೋಟದ ಹೆಸರು ಹಿಡಿದು ಅವರು 1860ರ ಗುಲಾಮರ ಪಟ್ಟಿಗೆ ಹೋದರು. ಅದರ ಪ್ರತಿಯನ್ನು ನನ್ನ ಮುಂದಿಟ್ಟರು. ಬರೀ ಸಾಲುಗಳು. ಒಂದು ಸಾಲಿಗೆ ಪೆನ್ಸಿಲಿನ ಗೆರೆ ಎಳೆದಿದ್ದರು: 8, ಹೆಣ್ಣು, ಕಪ್ಪು. 'ಇವಳೇ ಇರಬಹುದು' ಎಂದರು. 'ಇದೇ ಪುಟದಲ್ಲಿ ಎಂಟು ವರ್ಷದ ಹುಡುಗಿಯರು ಇಬ್ಬರಿದ್ದಾರೆ. ಯಾವ ಸಾಲು ನಮ್ಮದು ಎಂಬುದು ಯಾವತ್ತಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಇಬ್ಬರನ್ನೂ ನಮ್ಮವರೇ ಎಂದುಕೊಂಡಿದ್ದೇನೆ.'

ನನಗೆ ಮಾತು ಹೊರಡಲಿಲ್ಲ. ಅವರು ಎದ್ದು ಬಾಣಲೆ ಇಟ್ಟು ಎಳ್ಳು ಹುರಿಯತೊಡಗಿದರು. ಕಣ್ಣಿನಿಂದ ನೋಡುತ್ತ ಕೂತರೆ ಸೀದುಹೋಗುತ್ತದೆ, ಅದು ಮಾತಾಡಲು ಶುರುಮಾಡಿದ ಕೂಡಲೆ ಇಳಿಸಬೇಕು ಎಂದು ಅಜ್ಜಿ ಹೇಳುತ್ತಿದ್ದರಂತೆ.

ಮನೆಗೆ ಬಂದು ಮಡಿಚಿಟ್ಟ ಹಾಳೆಯನ್ನು ತೆಗೆದೆ. ನನ್ನ ಮುತ್ತಜ್ಜಿಗೆ ಹೆಸರಿಲ್ಲದಂತೆ ಯಾವ ಕಾನೂನೂ ಮಾಡಿರಲಿಲ್ಲ. ನಮ್ಮೂರಿಗೆ ಎತ್ತಿನ ಮೇಲೆ ಕೂತು ಬರುತ್ತಿದ್ದ ಹೆಳವರು ಮನೆತನದ ಹೆಸರುಗಳನ್ನು ಎಷ್ಟೋ ತಲೆಮಾರಿನಿಂದ ಒಪ್ಪಿಸುತ್ತಿದ್ದರು. ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು. ನಾನು ಕೇಳಿದ ಮಟ್ಟಿಗೆ ಅದೆಲ್ಲ ಗಂಡಸರ ಹೆಸರೇ. ರೊಟ್ಟಿ ಬಡಿದವರ ಹೆಸರನ್ನು ನಾವೇ ಯಾರೂ ಕೇಳಿರಲಿಲ್ಲ. ಅವ್ವ ಇದ್ದಾಗ ನನಗೆ ಕೇಳಬೇಕೆನ್ನಿಸಲಿಲ್ಲ. ಅನ್ನಿಸಿದಾಗ ಅವ್ವ ಇಲ್ಲ.

ಅವ್ವನ ತಂಗಿ, ನಮ್ಮ ಚಿಗವ್ವ ಇದ್ದಾಳೆ. ಎಂಬತ್ತಾರು ವರ್ಷ. ಫೋನು ಮಾಡಿದೆ. 'ಮುತ್ಯಾನ ಹೆಸರು ಹೇಳ್ತೀನಿ, ಬರಕೋ' ಎಂದಳು. ಮುತ್ತಜ್ಜಿಯದು ಬೇಕು ಎಂದೆ. 'ಅಕಿದಾ? ಎಲ್ಲಾರೂ ಆಯಿ ಅಂತಿದ್ವಿ. ಅಕಿ ಹೆಸರು ಯಾರು ಕೇಳ್ಯಾರ ತಂಗಿ?' ಎಂದು ಸುಮ್ಮನಾದಳು. ಸಜ್ಜೆ ರೊಟ್ಟಿಯ ಮಾತು ತೆಗೆದೆ. ಅದಕ್ಕೆ ಮಾತ್ರ ಜ್ಞಾಪಕದ ಬಾಗಿಲು ತೆರೆಯಿತು. ಆಯಿ ಬಿಸಿನೀರಿನಲ್ಲಿ ಹಿಟ್ಟು ನಾದುತ್ತಿದ್ದುದು, ಒದ್ದೆ ಕೈಯಿಂದ ಎಳ್ಳು ಒತ್ತುತ್ತಿದ್ದುದು, ಕೊನೆಯ ರೊಟ್ಟಿಯನ್ನು ಬೇಕೆಂದೇ ದಪ್ಪ ಬಡಿದು ಮೊಮ್ಮಕ್ಕಳಿಗೆ ಬೆಣ್ಣಿ ಹಚ್ಚಿ ಕೊಡುತ್ತಿದ್ದುದು. ಅರ್ಧ ತಾಸು ಮಾತಾಡಿದಳು. ಹೆಸರು ಬರಲಿಲ್ಲ.

ಈ ರೊಟ್ಟಿಗೂ ಆ ಬಿಸ್ಕತ್ತಿಗೂ ಒಂದು ನಂಟಿದೆ ಎಂಬುದು ಆ ರಾತ್ರಿ ಹೊಳೆಯಿತು. ಸಜ್ಜೆ, ಜೋಳ, ಅಲಸಂದಿ ಹುಟ್ಟಿದ್ದು ಆಫ್ರಿಕದಲ್ಲಿ. ಸಾವಿರಾರು ವರ್ಷಗಳ ಹಿಂದೆಯೇ ಸಮುದ್ರ ದಾಟಿ ನಮ್ಮ ನೆಲಕ್ಕೆ ಬಂದವು. ಎಳ್ಳು ನಮ್ಮ ಉಪಖಂಡದ್ದು. ಇಲ್ಲಿಂದ ಪಶ್ಚಿಮಕ್ಕೆ ನಡೆಯುತ್ತ ಆಫ್ರಿಕ ಸೇರಿ, ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಸಜ್ಜೆ ರೊಟ್ಟಿಯ ಮೇಲಿನ ಎಳ್ಳು ಎರಡು ಖಂಡಗಳ ಕೊಡುಕೊಳೆ. ಆದರೆ ನಮ್ಮ ಸಜ್ಜೆಯ ದಾರಿಗೂ ಅವರ ಎಳ್ಳಿನ ದಾರಿಗೂ ವ್ಯತ್ಯಾಸವಿದೆ. ಅವರದು ಬಂದದ್ದು ಸರಪಳಿ ಹಾಕಿಸಿಕೊಂಡವರ ಜೊತೆಯಲ್ಲಿ.

ಮಾರನೆಯ ಬೆಳಿಗ್ಗೆ ಐದಕ್ಕೆ ಫೋನು ಬಡಿದುಕೊಂಡಿತು. ಊರಿನಲ್ಲಿ ಆಗ ಮಧ್ಯಾಹ್ನ. ಚಿಗವ್ವ ನಮಸ್ಕಾರ ಚಮತ್ಕಾರ ಏನೂ ಇಲ್ಲದೆ ಒಂದು ಹೆಸರು ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ಸೊಸೆಯನ್ನು ನೋಡುತ್ತ ಕೂತಿದ್ದಾಗ ನೆನಪಾಯಿತಂತೆ. ಯಾರೋ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಆಯಿಯನ್ನು ಹೆಸರು ಹಿಡಿದು ಕರೆದದ್ದು, ಆಯಿ ಸಣ್ಣ ಹುಡುಗಿಯ ಹಾಗೆ ಎದ್ದು ಓಡಿದ್ದು.

ಮೊಮ್ಮಗಳು ಆರನೆಯ ಖಾನೆಯಲ್ಲಿ ಅದನ್ನು ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಶಾಯಿಯಲ್ಲಿ ಬರೆದಳು. ಸಂಜೆ ರೊಟ್ಟಿ ಹಿಡಿದು ಪಕ್ಕದ ಮನೆಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆ ಹೆಸರನ್ನು ಹೇಗೆ ಉಚ್ಚರಿಸುವುದೆಂದು ಮಗುವನ್ನು ಕೇಳಿ ಎರಡು ಸಲ ಹೇಳಿ ನೋಡಿದರು.

'ಇದಕ್ಕೆ ಎಷ್ಟು ದಿನ ಹಿಡಿಯಿತು?' ಎಂದರು.

'ಒಂದು ಫೋನು' ಎಂದಳು ಮೊಮ್ಮಗಳು.

ಅವರು ಅವಳ ತಲೆ ಸವರಿ, ಹಾಳೆಯನ್ನು ಜೋಪಾನವಾಗಿ ಹಿಂದಕ್ಕೆ ಕೊಟ್ಟರು.