ಡೊಂಬಿವಲಿಯ ಮೂಗು

ಕಣ್ಣಿಗೂ ಕಿವಿಗೂ ಸಂದ ಗೌರವ ಘ್ರಾಣೇಂದ್ರಿಯಕ್ಕೆ ಎಂದೂ ಸಂದಿಲ್ಲ. ಆದರೆ ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳ ನೆರೆಯಲ್ಲಿ ಬಹುಕಾಲ ಬಾಳಿದ ನನಗೆ, ಅದರ ಸ್ವಭಾವವನ್ನು ತಿಳಿಯದೆ ಇಲ್ಲಿಯ ಜನಜೀವನವನ್ನು ತಿಳಿಯಲಾಗದೆಂದು ತೋರುತ್ತದೆ.

ಕಾರ್ಕಳದ ಚಿಕ್ಕಮ್ಮ ಒಂದು ಮಳೆಗಾಲದ ಸಂಜೆ ರಿಕ್ಷಾದಿಂದ ಇಳಿಯುತ್ತಲೇ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇದೆಂಥ ನಾತ ಮಾರಾಯ! ಇದರ ನಡುವೆ ನೀವು ಉಣ್ಣುವುದು ಹೇಗೆ?" ಎಂದು ಕೇಳಿದಾಗ, ಬಾಗಿಲಲ್ಲಿ ನಿಂತ ನಾವೆಲ್ಲ ಗಾಳಿಯನ್ನು ಮತ್ತೆ ಮತ್ತೆ ಮೂಸಿ ನೋಡಿದರೂ ನಮಗೇನೂ ತಿಳಿಯಲಿಲ್ಲ. ವಾರ ಕಳೆಯುವುದರೊಳಗೆ ಅವರೂ ಆ ಮಾತನ್ನು ಬಿಟ್ಟರು.

ನಾಸಿಕದ ಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟಗಲದ ತೇವದ ಪೊರೆಯಿದೆ. ಅಲ್ಲಿ ಹುದುಗಿದ ಲಕ್ಷಾಂತರ ನರಕೋಶಗಳು ತಮ್ಮ ಸೂಕ್ಷ್ಮ ರೋಮಗಳನ್ನು ಲೋಳೆಯಲ್ಲಿ ಇಳಿಬಿಟ್ಟು, ಉಸಿರಿನೊಡನೆ ಬರುವ ಅಣುಗಳಿಗಾಗಿ ಕಾದಿರುತ್ತವೆ. ಆ ರೋಮಗಳ ಮೇಲಿನ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆಯವು. ಅವುಗಳ ಜೀನ್ ಕುಟುಂಬವನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು 2004ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಅಣುವು ಗ್ರಾಹಕದಲ್ಲಿ ನೆಲೆಗೊಂಡೊಡನೆ ಕೋಶದ ದ್ವಾರ ತೆರೆದು, ಕ್ಯಾಲ್ಸಿಯಂ ಒಳನುಗ್ಗಿ, ವಿದ್ಯುತ್ಸಂಕೇತವು ಮಿದುಳಿನತ್ತ ಹರಿಯುತ್ತದೆ. ವಿಸ್ಮಯವೆಂದರೆ, ಹಾಗೆ ಒಳಬಂದ ಕ್ಯಾಲ್ಸಿಯಮ್ಮೇ ಅನಂತರ ಆ ದ್ವಾರವನ್ನು ಮಂದಗೊಳಿಸುತ್ತದೆ. ಕೋಶದ ಈ ದಣಿವು ಶುದ್ಧ ವಾಯುವಿನಲ್ಲಿ ಕೆಲವು ನಿಮಿಷಗಳಲ್ಲೇ ಕಳೆಯುವುದು. ದಿನಗಟ್ಟಲೆಯ ಒಗ್ಗುವಿಕೆಯಾದರೋ ಬಹುಮಟ್ಟಿಗೆ ಮಿದುಳಿನದು. ಹಳೆಯ ವಾರ್ತೆಯನ್ನು ಬದಿಗಿರಿಸಿ ಹೊಸತನ್ನೇ ಅದು ಅರಸುತ್ತದೆ.

ಹೊಸ ಹೊಗೆಯ ಸುಳಿವನ್ನು ಒಡನೆಯೇ ಹಿಡಿಯಬೇಕಾಗಿದ್ದ ವನವಾಸಿ ಪೂರ್ವಿಕರಿಗೆ ಇದು ಮಹದುಪಕಾರವಾಗಿದ್ದಿರಬೇಕು. ಚಿಮಣಿಗಳ ಕೆಳಗೆ ಮನೆಮಾಡಿದ ನಮಗೆ ಹಾಗಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಸುರಿದಾಗಲೂ, 2020ರ ಫೆಬ್ರವರಿಯಲ್ಲಿ ಕೈಗಾರಿಕಾ ವಲಯದ ರಸ್ತೆ ಗುಲಾಬಿಯಾದಾಗಲೂ ಊರಿಗೆ ಊರೇ ಬೆಚ್ಚಿತು. ಮೂಗು ಹೇಳುವುದನ್ನು ನಿಲ್ಲಿಸಿದ್ದ ಸಂಗತಿಯನ್ನು ಕಣ್ಣು ಹೇಳಬೇಕಾಯಿತು. ಅಮೋನಿಯದಂಥ ಅನಿಲ ಕಣ್ಣು ಮೂಗುಗಳಲ್ಲಿ ಹುಟ್ಟಿಸುವ ಉರಿಯು ಟ್ರೈಜೆಮಿನಲ್ ಎಂಬ ಬೇರೆಯೇ ನರದ ಮೂಲಕ ಬರುವುದರಿಂದ, ಅದು ವಾಸನೆಯಷ್ಟು ಸುಲಭವಾಗಿ ಮರೆಯಾಗದು. ಆದರೆ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗವಾದಾಗ ಘ್ರಾಣಶಕ್ತಿಯನ್ನೇ ಸ್ತಬ್ಧಗೊಳಿಸುತ್ತದೆ. ನಾತ ಹೋಯಿತೆಂದು ನಿಟ್ಟುಸಿರುಬಿಟ್ಟವನು ಆಗಲೇ ವಿಷವನ್ನು ಉಸಿರಾಡುತ್ತಿರುತ್ತಾನೆ. ಆದಕಾರಣ ವಾಯುವನ್ನು ಅಳೆಯುವ ಯಂತ್ರಗಳು ನಿವಾಸಿಗಳ ದೂರಿಗೆ ಕಾಯದೆ ಹಗಲಿರುಳೂ ದುಡಿಯಬೇಕೆಂದೂ, ಅವುಗಳ ಲೆಕ್ಕ ಬೀದಿಯಲ್ಲಿ ನಡೆವವರ ಕಣ್ಣಿಗೆ ಬೀಳುವಂತಿರಬೇಕೆಂದೂ ನಾನು ಹಟ ಹಿಡಿದು ಕೇಳುತ್ತಿದ್ದೇನೆ.